ಚರ್ಮದ ಶೂ ಮತ್ತು ಬೂಟುಗಳಿಗೆ ಹೊಸ ರಬ್ಬರ್ ಅಟ್ಟೆ: ಆಯ್ಕೆಯ ಸಮಗ್ರ ಮಾರ್ಗದರ್ಶಿ

ಒಳ್ಳೆಯ ಚರ್ಮದ ಶೂಗಳಲ್ಲಿ ಮೊದಲು ಸವೆಯುವುದು ಅಟ್ಟೆ. ಆಗಾಗ ಪಾಲಿಶ್ ಕಂಡ ಮೇಲ್ಭಾಗದ ಚರ್ಮ ಎರಡು ಮೂರು ಅಟ್ಟೆಗಳ ಕಾಲವನ್ನು ಸಲೀಸಾಗಿ ದಾಟುತ್ತದೆ. ಆದ್ದರಿಂದ ಮಳೆಯಲ್ಲಿ ಓಡಾಡುವವರು, ನುಣುಪಾದ ಗ್ರಾನೈಟ್ ನೆಲದ ಕಚೇರಿಗಳಲ್ಲಿ ದಿನ ಕಳೆಯುವವರು ಸವೆದ ಚರ್ಮದ ಅಟ್ಟೆಯನ್ನು ತೆಗೆಸಿ ರಬ್ಬರ್ ಹಾಕಿಸಲು ಹೊರಡುವುದು ಸಹಜವೇ. ಆದರೆ ಹೆಚ್ಚಿನವರು ‘ಯಾವ ಕಂಪನಿಯ ಸೋಲ್ ಒಳ್ಳೆಯದು’ ಎಂಬಲ್ಲಿಂದ ಹುಡುಕಾಟ ಶುರು ಮಾಡುತ್ತಾರೆ, ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಯಾವ ಅಟ್ಟೆ ಕೂರುತ್ತದೆ ಎಂಬುದನ್ನು ಮೊದಲು ಆ ಶೂ ಕಟ್ಟಿರುವ ಬಗೆ ತೀರ್ಮಾನಿಸುತ್ತದೆ, ಅನಂತರ ನೀವು ನಡೆಯುವ ನೆಲ ತೀರ್ಮಾನಿಸುತ್ತದೆ. ಇವೆರಡೂ ಇತ್ಯರ್ಥವಾದ ಮೇಲೆ ಅಂಗಡಿಯಲ್ಲಿ ಉಳಿಯುವ ಆಯ್ಕೆ ನಾಲ್ಕೈದಕ್ಕಿಂತ ಹೆಚ್ಚಿರುವುದಿಲ್ಲ. ಮುಂದಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಜೋಡಿಸಿದ್ದೇನೆ.

ಮೊದಲ ಹಂತ: ಶೂ ಕಟ್ಟಿರುವ ಬಗೆಯನ್ನು ಗುರುತಿಸಿ

ಮೇಲ್ಭಾಗವನ್ನೂ ಅಟ್ಟೆಯನ್ನೂ ಕೂಡಿಸುವ ಮುಖ್ಯ ವಿಧಾನಗಳು ಮೂರು: ಗುಡ್‌ಇಯರ್ ವೆಲ್ಟ್, ಬ್ಲೇಕ್ ಹೊಲಿಗೆ ಮತ್ತು ಬರೀ ಅಂಟು.

ಗುಡ್‌ಇಯರ್ ವೆಲ್ಟ್ ಶೂನಲ್ಲಿ ಒಳ ಅಟ್ಟೆಯ ಕೆಳಗೆ ಎದ್ದು ನಿಂತ ಒಂದು ಏಣು ಇರುತ್ತದೆ. ಮೇಲ್ಭಾಗದ ಚರ್ಮವನ್ನೂ ವೆಲ್ಟ್ ಎಂಬ ಕಿರಿದಾದ ಚರ್ಮದ ಪಟ್ಟಿಯನ್ನೂ ಆ ಏಣಿಗೆ ಒಟ್ಟಿಗೆ ಹೊಲಿಯುತ್ತಾರೆ, ಆಮೇಲೆ ಹೊರ ಅಟ್ಟೆಯನ್ನು ಇನ್ನೊಂದು ಹೊಲಿಗೆಯಿಂದ ವೆಲ್ಟ್‌ಗೆ ಮಾತ್ರ ಸೇರಿಸುತ್ತಾರೆ. ಹಳೆಯ ಅಟ್ಟೆ ಬಿಚ್ಚುವಾಗ ಮೇಲ್ಭಾಗದ ಹೊಲಿಗೆಗೆ ಕೈ ಹಾಕಬೇಕಾಗಿಲ್ಲ ಎಂಬುದೇ ಇದರ ದೊಡ್ಡ ಅನುಕೂಲ. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಜೂನಿಯರ್ 1870ರ ಆಸುಪಾಸಿನಲ್ಲಿ ಈ ಕೆಲಸಕ್ಕೆ ಯಂತ್ರವನ್ನು ಬಳಕೆಗೆ ತಂದರು. ಗಂಧಕ ಬೆರೆಸಿ ಕಾಯಿಸಿ ರಬ್ಬರನ್ನು ಗಟ್ಟಿಗೊಳಿಸುವ ವಲ್ಕನೀಕರಣವನ್ನು 1839ರಲ್ಲಿ ಕಂಡುಹಿಡಿದವರು ಅವರ ತಂದೆ, ಹಿರಿಯ ಚಾರ್ಲ್ಸ್ ಗುಡ್‌ಇಯರ್. ಇಂದು ನಾವು ಹಾಕಿಸುವ ರಬ್ಬರ್ ಅಟ್ಟೆಗೂ ಅದನ್ನು ಹಿಡಿದಿಡುವ ಹೊಲಿಗೆಗೂ ಒಂದೇ ಮನೆತನದ ಹೆಸರು ಅಂಟಿಕೊಂಡಿದೆ. ಗುಡ್‌ಇಯರ್ ಟಯರ್ ಕಂಪನಿ ಮಾತ್ರ ಅವರದಲ್ಲ, ಅದು ಹೆಸರನ್ನಷ್ಟೇ ಇಟ್ಟುಕೊಂಡದ್ದು.

ಬ್ಲೇಕ್ ಹೊಲಿಗೆಯಲ್ಲಿ ವೆಲ್ಟ್ ಇಲ್ಲ. ಒಂದೇ ಹೊಲಿಗೆ ಶೂ ಒಳಗಿನಿಂದ ಹೊರಟು ಒಳ ಅಟ್ಟೆ, ಮೇಲ್ಭಾಗದ ಮಡಿಕೆ, ಹೊರ ಅಟ್ಟೆ ಮೂರನ್ನೂ ದಾಟಿ ಹೊರಬರುತ್ತದೆ. ಲೈಮನ್ ಬ್ಲೇಕ್ ಎಂಬ ಅಮೆರಿಕನ್ನರು 1858ರಲ್ಲಿ ಇದರ ಯಂತ್ರಕ್ಕೆ ಪೇಟೆಂಟ್ ಪಡೆದರು. ಇಟಲಿಯ ಹಗುರ ಶೂಗಳು, ಲೋಫರ್‌ಗಳು ಬಹಳಷ್ಟು ಈ ಬಗೆಯವು. ಮೂರನೆಯದು ಅಂಟಿಸಿದ ಶೂ. ನಮ್ಮ ಮಾಲ್‌ಗಳಲ್ಲಿ ‘ಫಾರ್ಮಲ್ ಶೂ’ ಎಂದು ಮಾರಾಟವಾಗುವುದರಲ್ಲಿ ಹೆಚ್ಚಿನವು ಇವೇ.

ಗುರುತಿಸುವುದು ಕಷ್ಟವಲ್ಲ. ಬೆಳಕಿಗೆ ಹಿಡಿದು ಶೂ ಒಳಗೆ ನೋಡಿ, ಅಂಗಾಲಿನ ಕೆಳಗೆ ಬರುವ ತೆಳು ಪದರ ಏಳುವಂತಿದ್ದರೆ ಮೆಲ್ಲನೆ ಎತ್ತಿ. ಒಳ ಅಟ್ಟೆಯ ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ದಾರದ ಸಾಲು ಕಂಡರೆ ಅದು ಬ್ಲೇಕ್. ಒಳಗೆ ದಾರವಿಲ್ಲದೆ, ಹೊರಗೆ ವೆಲ್ಟ್ ಮೇಲೂ ತಳದಲ್ಲೂ ಹೊಲಿಗೆ ಕಂಡರೆ ಗುಡ್‌ಇಯರ್ ವೆಲ್ಟ್. ಇಲ್ಲಿ ಒಂದು ಮೋಸವಿದೆ. ಅಂಟಿಸಿದ ಶೂಗಳಿಗೂ ಶೋಭೆಗೆಂದು ಸುತ್ತ ಹೊಲಿಗೆ ಹಾಕಿದ ಪಟ್ಟಿಯನ್ನು ಅಂಟಿಸಿರುತ್ತಾರೆ, ಕೆಲವೊಮ್ಮೆ ರಬ್ಬರಿನಲ್ಲೇ ಹೊಲಿಗೆಯ ಆಕಾರವನ್ನು ಎರಕ ಹೊಯ್ದಿರುತ್ತಾರೆ. ಮೇಲಿನ ಹೊಲಿಗೆಗೆ ಸರಿಯಾಗಿ ತಳದಲ್ಲಿ ಇನ್ನೊಂದು ಸಾಲು ಇಲ್ಲದಿದ್ದರೆ ಮೊದಲು ಸಂಶಯಪಡಿ. ತಳದ ಹೊಲಿಗೆಯನ್ನು ಸೀಳಿನೊಳಗೆ ಮುಚ್ಚಿದ ಉತ್ತಮ ಶೂಗಳೂ ಇವೆ, ಹೀಗಾಗಿ ಇದೊಂದನ್ನೇ ನಂಬಬಾರದು. ಉಗುರಿನಿಂದ ಪಟ್ಟಿ ಮತ್ತು ಮೇಲ್ಭಾಗದ ನಡುವಿನ ಸಂದನ್ನು ಬಿಡಿಸಿ ನೋಡಿದಾಗ ಒಳಗೆ ಅಡ್ಡಲಾಗಿ ಹೋಗುವ ದಪ್ಪ ದಾರ ಕಂಡರೆ ವೆಲ್ಟ್ ನಿಜವಾದದ್ದು.

ಈ ಪರೀಕ್ಷೆಯ ಫಲ ಇಷ್ಟು. ವೆಲ್ಟ್ ಶೂಗೆ ಬಹುತೇಕ ಯಾವ ಅಟ್ಟೆಯನ್ನಾದರೂ ಹಾಕಬಹುದು. ಬ್ಲೇಕ್ ಶೂಗೆ ಪೂರ್ತಿ ಅಟ್ಟೆ ಹಾಕಬೇಕಾದರೆ ಶೂ ಒಳಗೆ ತೋಳು ಚಾಚುವ ವಿಶೇಷ ಯಂತ್ರ ಬೇಕು. ಅದಿಲ್ಲದ ಕಡೆ ತೆಳು ಅರ್ಧ ಅಟ್ಟೆ ಅಂಟಿಸಿಕೊಳ್ಳುವುದೇ ಜಾಣತನ. ಅಂಟಿಸಿದ ಶೂಗೆ ಮತ್ತೆ ಅಂಟಿಸುವುದೊಂದೇ ದಾರಿ, ಒಳ ಅಟ್ಟೆ ರಟ್ಟಿನದಾಗಿದ್ದರೆ ಅದರ ಮೇಲೆ ಭಾರವಾದ ರಬ್ಬರ್ ಹೇರಬಾರದು. ಇವಲ್ಲದೆ ದ್ರವರೂಪದ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕನ್ನು ನೇರವಾಗಿ ಮೇಲ್ಭಾಗಕ್ಕೇ ಹೊಯ್ದು ಮಾಡಿದ ಶೂಗಳಿವೆ. ಅವುಗಳಲ್ಲಿ ಕಿತ್ತು ತೆಗೆಯಲು ಬೇರೆಯಾದ ಅಟ್ಟೆಯೇ ಇರುವುದಿಲ್ಲ, ಹಳೆಯದನ್ನು ಉಜ್ಜಿ ತೆಗೆಯುವ ಖರ್ಚಿಗೆ ಹೊಸ ಶೂ ಬಂದುಬಿಡುತ್ತದೆ.

ಎರಡನೆಯ ಹಂತ: ಖರ್ಚು ಮಾಡುವಷ್ಟು ಮೇಲ್ಭಾಗ ಗಟ್ಟಿಯಿದೆಯೇ?

ಬೆರಳುಗಳ ಬುಡದಲ್ಲಿ ಚರ್ಮ ಮಡಚುವ ಜಾಗವನ್ನು ನೋಡಿ. ಸುಕ್ಕು ಇದ್ದರೆ ಚಿಂತೆಯಿಲ್ಲ, ಸುಕ್ಕಿನ ತಳದಲ್ಲಿ ಬಿರುಕು ಬಾಯಿಬಿಟ್ಟಿದ್ದರೆ ಹೊಸ ಅಟ್ಟೆ ವ್ಯರ್ಥ. ಹಿಮ್ಮಡಿಯನ್ನು ಹಿಂದಿನಿಂದ ಒತ್ತಿದಾಗ ಅದು ಕುಸಿಯದೆ ನಿಲ್ಲಬೇಕು. ವೆಲ್ಟ್ ಶೂ ಆದರೆ ವೆಲ್ಟ್‌ನ ತುದಿ ಕಾಲ್ಬೆರಳಿನ ಕಡೆ ಸವೆದಿದೆಯೇ ಎಂದು ಪರೀಕ್ಷಿಸಿ. ಅಟ್ಟೆ ಪೂರ್ತಿ ಸವೆಯುವವರೆಗೆ ಕಾಯ್ದವರು ಸಾಮಾನ್ಯವಾಗಿ ವೆಲ್ಟನ್ನೂ ನೆಲಕ್ಕೆ ಉಜ್ಜಿಸಿಬಿಟ್ಟಿರುತ್ತಾರೆ, ಆಗ ಕೆಲಸದ ಖರ್ಚು ಏರುತ್ತದೆ. ಚರ್ಮದ ಅಟ್ಟೆಯ ನಟ್ಟನಡುವೆ ಹೆಬ್ಬೆರಳಿಟ್ಟು ಒತ್ತಿ: ಮೆತ್ತಗೆ ಒಳಗೆ ಹೋಗುವಂತಾದರೆ ತೂತು ಬೀಳುವ ಮೊದಲೇ ರಿಪೇರಿಗೆ ಕೊಡುವ ಸಮಯ ಬಂದಿದೆ ಎಂದು ತಿಳಿಯಿರಿ.

ಕಾರ್ಖಾನೆಯ ಸುರಕ್ಷಾ ಬೂಟುಗಳನ್ನು ಈ ಲೆಕ್ಕಕ್ಕೆ ತರಬೇಡಿ. ಐಎಸ್‌ಒ 20345 ಅಥವಾ ಐಎಸ್ 15298 ಮುದ್ರೆಯಿರುವ ಬೂಟಿಗೆ ಬೇರೆ ಅಟ್ಟೆ ಹಾಕಿಸಿದರೆ ಆ ಪ್ರಮಾಣೀಕರಣದ ಖಾತರಿ ಅಲ್ಲಿಗೇ ಮುಗಿಯುತ್ತದೆ.

ಮೂರನೆಯ ಹಂತ: ನಡೆಯುವ ನೆಲ ಯಾವುದು?

ರಬ್ಬರ್ ಜಾರುವುದಿಲ್ಲ ಎಂಬ ನಂಬಿಕೆಯೇ ಅನೇಕರನ್ನು ತಪ್ಪು ಅಟ್ಟೆಯತ್ತ ಒಯ್ಯುತ್ತದೆ. ಒರಟು ಡಾಂಬರಿನ ಮೇಲೆ ಯಾವ ರಬ್ಬರಾದರೂ ಹಿಡಿದೇ ಹಿಡಿಯುತ್ತದೆ. ಸಮಸ್ಯೆ ಬರುವುದು ಒದ್ದೆಯಾದ ಪಾಲಿಶ್ ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್, ಮೆಟ್ರೋ ನಿಲ್ದಾಣದ ಮೆಟ್ಟಿಲುಗಳಂಥ ಕಡೆ. ಅಲ್ಲಿ ಕಾಲಿಗೂ ಕಲ್ಲಿಗೂ ನಡುವೆ ನೀರಿನ ತೆಳು ಪೊರೆಯೊಂದು ನಿಂತಿರುತ್ತದೆ. ಆ ಪೊರೆಯನ್ನು ಪಕ್ಕಕ್ಕೆ ತಳ್ಳಿ ಮೆತ್ತನೆಯ ರಬ್ಬರನ್ನು ಕಲ್ಲಿಗೆ ತಾಗಿಸುವ ಅಟ್ಟೆ ಹಿಡಿಯುತ್ತದೆ, ಗಟ್ಟಿ ರಬ್ಬರಿನ ನುಣುಪಾದ ಗುಬುಟುಗಳು ಜಾರುತ್ತವೆ. ಆಳವಾದ ಹಲ್ಲುಗಳಿರುವ ಬೂಟಿನ ಅಟ್ಟೆ ನೋಡಲು ಎಷ್ಟೇ ಭದ್ರವಾಗಿ ಕಂಡರೂ ನುಣುಪಾದ ನೆಲಕ್ಕೆ ತಾಗುವುದು ಹಲ್ಲುಗಳ ತುದಿ ಮಾತ್ರ. ಸಂಪರ್ಕದ ಜಾಗ ಕಡಿಮೆ, ಹಿಡಿತವೂ ಕಡಿಮೆ. ಹಲ್ಲುಗಳು ಇರುವುದು ಮಣ್ಣಿಗೆ.

ಮಣ್ಣಿನಲ್ಲೂ ಭೇದವಿದೆ. ಮಲೆನಾಡಿನ ಕೆಸರಿನಲ್ಲಿ ಹಲ್ಲಿನ ಅಟ್ಟೆ ಚೆನ್ನಾಗಿ ಕಚ್ಚುತ್ತದೆ. ಉತ್ತರ ಕರ್ನಾಟಕದ ಎರೆ ಮಣ್ಣು ಮಳೆಗಾಲದಲ್ಲಿ ಹಲ್ಲುಗಳ ಸಂದುಗಳನ್ನು ತುಂಬಿಕೊಂಡು ಹೆಜ್ಜೆಹೆಜ್ಜೆಗೂ ದಪ್ಪವಾಗುತ್ತಾ ಹೋಗುತ್ತದೆ. ಅಲ್ಲಿ ಸಂದುಗಳು ಅಗಲವಾಗಿ, ಹಲ್ಲುಗಳು ವಿರಳವಾಗಿ ಇರುವ ಅಟ್ಟೆಯೇ ಲೇಸು. ಹೊರದೇಶದ ಹಿಮದ ಊರುಗಳಲ್ಲಿ ಇರುವವರು ನೋಡಬೇಕಾದದ್ದು ಬೇರೆ. ಚಳಿಗೆ ಕೆಲವು ರಬ್ಬರ್‌ಗಳು ಸೆಟೆದು ಗಟ್ಟಿಯಾಗುತ್ತವೆ, ಆದ್ದರಿಂದ ಶೀತಕ್ಕೆಂದೇ ತಯಾರಾದ ಮಿಶ್ರಣವನ್ನು ಕೇಳಿ ಪಡೆಯಬೇಕು.

ಗೇರ್ ಇರುವ ಬೈಕ್ ಓಡಿಸುವವರು ಇನ್ನೊಂದನ್ನು ಗಮನಿಸಬೇಕು. ಅಟ್ಟೆ ದಪ್ಪವಾದಷ್ಟೂ ಗೇರ್ ಲಿವರ್ ಕೆಳಗೆ ಕಾಲ್ಬೆರಳು ತೂರಿಸುವುದು ಕಷ್ಟ. ಹಾಕಿಸುವ ಮೊದಲೇ ಆ ಸಂದನ್ನು ಅಳೆದು ನೋಡಿ.

ನಾಲ್ಕನೆಯ ಹಂತ: ರಬ್ಬರಿನ ಬಗೆಯನ್ನು ಕೈಯಲ್ಲಿ ಹಿಡಿದು ತಿಳಿಯಿರಿ

ಅಂಗಡಿಯಲ್ಲಿ ‘ರಬ್ಬರ್ ಸೋಲ್’ ಎಂದು ತೋರಿಸುವುದೆಲ್ಲ ರಬ್ಬರ್ ಅಲ್ಲ. ವಲ್ಕನೀಕರಿಸಿದ ಗಟ್ಟಿ ರಬ್ಬರ್ ಭಾರವಾಗಿರುತ್ತದೆ, ಕೊಯ್ದ ಅಂಚು ಒಂದೇ ಸಮನಾಗಿ ಕಾಣುತ್ತದೆ. ಬಾಳಿಕೆಯಲ್ಲಿ ಇದಕ್ಕೆ ಸಾಟಿಯಿಲ್ಲ. ಸಣ್ಣ ಗುಳ್ಳೆಗಳು ತುಂಬಿದ ಮೈಕ್ರೋಸೆಲ್ಯುಲಾರ್ ರಬ್ಬರ್ ಅಂದರೆ ನಮ್ಮ ರಿಪೇರಿಯವರ ‘ಮೈಕ್ರೋ ಶೀಟ್’. ಇದು ಹಗುರ, ಮೆತ್ತಗೆ, ಒದ್ದೆ ಟೈಲ್ಸ್ ಮೇಲೂ ಒಳ್ಳೆಯ ಹಿಡಿತ, ಆದರೆ ಬೇಗ ಸವೆಯುತ್ತದೆ. ಇವಿಎ ಎಂಬ ಫೋಮ್ ಇನ್ನೂ ಹಗುರ, ದಿನ ಕಳೆದಂತೆ ಹಿಮ್ಮಡಿಯ ಕೆಳಗೆ ಒತ್ತಿಕೊಂಡು ಮತ್ತೆ ಏಳುವುದಿಲ್ಲ. ಹೀಗಾಗಿ ನಡುವಿನ ಪದರಕ್ಕೆ ಸರಿ, ನೆಲಕ್ಕೆ ತಾಗುವ ಪದರಕ್ಕೆ ಅಲ್ಲ. ಟಿಪಿಆರ್ ಎಂಬುದು ಕಾಯಿಸಿದರೆ ಕರಗುವ ರಬ್ಬರಿನಂಥ ಪ್ಲಾಸ್ಟಿಕ್, ಅಗ್ಗ, ಮಧ್ಯಮ ಬಾಳಿಕೆ. ಎಣ್ಣೆ, ಗ್ರೀಸ್ ಚೆಲ್ಲುವ ಗ್ಯಾರೇಜು, ಅಡುಗೆಮನೆಗಳಲ್ಲಿ ಕೆಲಸ ಮಾಡುವವರು ನೈಟ್ರೈಲ್ ರಬ್ಬರನ್ನೇ ಕೇಳಬೇಕು, ಏಕೆಂದರೆ ಸಹಜ ರಬ್ಬರ್ ಎಣ್ಣೆ ಕುಡಿದು ಉಬ್ಬುತ್ತದೆ.

ಪಾಲಿಯುರೆಥೇನ್ ಬಗ್ಗೆ ಮಾತ್ರ ಸ್ವಲ್ಪ ಖಾರವಾಗಿಯೇ ಹೇಳಬೇಕು. ಗಾಳಿಯ ತೇವಾಂಶ ಅದರ ಅಣುಗಳ ಕೊಂಡಿಗಳನ್ನು ನಿಧಾನವಾಗಿ ಕಡಿದುಹಾಕುತ್ತದೆ, ಹಾಕಿಕೊಳ್ಳದೆ ಪೆಟ್ಟಿಗೆಯಲ್ಲಿಟ್ಟಿದ್ದರೂ ಸರಿಯೇ. ಮದುವೆಗೆ ಕೊಂಡ ಶೂಗಳನ್ನು ಕೆಲವು ವರ್ಷಗಳ ಮೇಲೆ ಇನ್ನೊಂದು ಮದುವೆಗೆ ತೆಗೆದರೆ ಅಟ್ಟೆ ಪುಡಿಪುಡಿಯಾಗಿ ಚಪ್ಪರದ ತುಂಬ ಉದುರುವುದು ಈ ಕಾರಣಕ್ಕೆ. ಮಂಗಳೂರು, ಉಡುಪಿ, ಕಾರವಾರದ ಹವೆಯಲ್ಲಿ ಅಪರೂಪಕ್ಕೆ ಹಾಕುವ ಶೂಗೆ ಪಾಲಿಯುರೆಥೇನ್ ಅಟ್ಟೆ ಹಾಕಿಸಲು ನಾನು ಯಾರಿಗೂ ಹೇಳಲಾರೆ.

ಕ್ರೇಪ್ ಅಟ್ಟೆಯ ಹಿನ್ನೆಲೆ ನಮ್ಮವರಿಗೆ ಹತ್ತಿರದ್ದು. ಸುಳ್ಯ, ಪುತ್ತೂರಿನ ತೋಟಗಳಲ್ಲಿ ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸಿ, ರೋಲರಿನಲ್ಲಿ ಒತ್ತಿ, ಹೊಗೆಗೂಡಿನಲ್ಲಿ ತೂಗುಹಾಕಿದ ಶೀಟುಗಳನ್ನು ಕಂಡವರಿಗೆ ಅದು ಹೇಗಿರುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಕ್ರೇಪ್ ಕೂಡ ವಲ್ಕನೀಕರಿಸದ ಸಹಜ ರಬ್ಬರೇ, ಹೊಗೆ ತಾಗಿಸುವುದಿಲ್ಲ ಅಷ್ಟೆ. 1950ರಲ್ಲಿ ಇಂಗ್ಲೆಂಡಿನ ಕ್ಲಾರ್ಕ್ಸ್ ಕಂಪನಿಯ ಡೆಸರ್ಟ್ ಬೂಟ್‌ನೊಂದಿಗೆ ಅದು ಜಗತ್ತಿನಾದ್ಯಂತ ಹೆಸರಾಯಿತು. ನಡೆಯಲು ಬಲು ಹಿತ. ಆದರೆ ಬೇಸಿಗೆಯ ಡಾಂಬರಿನ ಮೇಲೆ ಮೆತ್ತಗಾಗಿ ಅಂಟಂಟಾಗುತ್ತದೆ, ಧೂಳು ಹಿಡಿದು ಕರ್ರಗಾಗುತ್ತದೆ, ಒದ್ದೆ ನೆಲದಲ್ಲಿ ಜಾರುತ್ತದೆ. ಕಲಬುರಗಿ, ರಾಯಚೂರಿನ ಬಿಸಿಲಿಗೆ ಇದು ಹೇಳಿಸಿದ್ದಲ್ಲ.

ಕೈಯಲ್ಲೇ ಮಾಡಬಹುದಾದ ಪರೀಕ್ಷೆಗಳು ಕೆಲವಿವೆ. ಉಗುರನ್ನು ಅಂಚಿಗೆ ಒತ್ತಿ ಬಿಡಿ: ಗುರುತು ಕೂಡಲೇ ಮಾಯವಾದರೆ ರಬ್ಬರಿಗೆ ಜೀವವಿದೆ, ಗುರುತು ಉಳಿದರೆ ಅದು ಪ್ಲಾಸ್ಟಿಕ್ ಬೆರೆತದ್ದು ಅಥವಾ ಅಗ್ಗದ ಫೋಮ್. ಅಟ್ಟೆಯನ್ನು ಕಾಲ್ಬೆರಳು ಮಡಚುವ ಜಾಗದಲ್ಲಿ ಪೂರ್ತಿ ಬಗ್ಗಿಸಿ. ಬಾಗಿದ ಗೆರೆ ಬೆಳ್ಳಗಾಗಿ ಸಣ್ಣ ಬಿರುಕು ಕಂಡರೆ ಸೀಮೆಸುಣ್ಣದಂಥ ತುಂಬುಪುಡಿ ಹೆಚ್ಚಾಗಿದೆ ಅಥವಾ ಸರಕು ಹಳೆಯದಾಗಿದೆ. ಮೇಲೆ ಒರೆಸಿದರೆ ಹೋಗುವ ಬೂದಿಯಂಥ ಬಿಳುಪು ಇದ್ದರೆ ಹೆದರಬೇಡಿ, ರಬ್ಬರನ್ನು ಬಿರುಕಿನಿಂದ ಕಾಯಲು ಬೆರೆಸಿದ ಮೇಣ ಹೊರಗೆ ಬಂದದ್ದು ಅದು. ತಯಾರಕರು ಅಂಕಿ ಕೊಟ್ಟಿದ್ದರೆ ಎರಡನ್ನು ನೋಡಿ. ಶೋರ್ ಎ ಗಡಸುತನ 55ರಿಂದ 70ರ ನಡುವೆ ಇದ್ದರೆ ನಿತ್ಯದ ಬಳಕೆಗೆ ಸೂಕ್ತ, ಅಂಕಿ ಇಳಿದಂತೆ ಹಿಡಿತವೂ ಸವೆತವೂ ಹೆಚ್ಚು. ಸವೆತದ ಪರೀಕ್ಷೆಯ ಫಲಿತಾಂಶ ಘನ ಮಿಲಿಮೀಟರಿನಲ್ಲಿ ಇರುತ್ತದೆ. ಅದು ಉಜ್ಜಿದಾಗ ಕಳೆದುಹೋದ ರಬ್ಬರಿನ ಪ್ರಮಾಣವಾದ್ದರಿಂದ ಕಡಿಮೆ ಅಂಕಿಯೇ ಒಳ್ಳೆಯದು.

ಐದನೆಯ ಹಂತ: ತಳದ ವಿನ್ಯಾಸ

ಡ್ರೆಸ್ ಶೂಗಳಿಗೆ ಹೆಚ್ಚು ಬಳಕೆಯಲ್ಲಿರುವುದು ಡೈನೈಟ್ ಮಾದರಿಯ ಗುಬುಟು ಅಟ್ಟೆ. ಇಂಗ್ಲೆಂಡಿನ ಮಾರ್ಕೆಟ್ ಹಾರ್ಬರೋದಲ್ಲಿ 1894ರಲ್ಲಿ ಶುರುವಾದ ಹಾರ್ಬರೋ ರಬ್ಬರ್ ಕಂಪನಿ ಇದನ್ನು ತಯಾರಿಸುತ್ತದೆ. ಇದರ ಜಾಣ್ಮೆ ಇರುವುದು ಬದಿಯ ನೋಟದಲ್ಲಿ. ದುಂಡನೆಯ ಗುಬುಟುಗಳು ತಗ್ಗಿದ ಅಂಗಳದಲ್ಲಿ ಕೂತಿರುವುದರಿಂದ ಪಕ್ಕದಿಂದ ನೋಡಿದವರಿಗೆ ನೇರವಾದ ತೆಳು ಅಂಚು ಮಾತ್ರ ಕಾಣುತ್ತದೆ, ಚರ್ಮದ ಅಟ್ಟೆಯೆಂದೇ ತೋರುತ್ತದೆ. ಸೂಟಿನ ಜೊತೆ ನಿಸ್ಸಂಕೋಚವಾಗಿ ಹಾಕಬಹುದು. ಬಾಳಿಕೆಯೂ ದೀರ್ಘ. ಆದರೆ ರಬ್ಬರ್ ತುಸು ಗಡಸು, ಒದ್ದೆ ಪಾಲಿಶ್ ಕಲ್ಲಿನ ಮೇಲೆ ಇದರಿಂದ ಹೆಚ್ಚು ನಿರೀಕ್ಷಿಸಬಾರದು. ಅದೇ ಕಂಪನಿಯ ರಿಡ್ಜ್‌ವೇ ಅಟ್ಟೆ ಏಣುಗಳಿಂದ ಕೂಡಿದ್ದು, ಹಳ್ಳಿಯ ದಾರಿಗೂ ಒಗ್ಗುವ ಗಟ್ಟಿ ಶೂಗಳಿಗೆ ಸರಿಹೊಂದುತ್ತದೆ.

ಹಲ್ಲಿನ ಅಟ್ಟೆಗಳ ಕಥೆ ಇಟಲಿಯದು. 1935ರಲ್ಲಿ ಆಲ್ಪ್ಸ್‌ನ ಪುಂತಾ ರಾಸಿಕಾ ಶಿಖರದಲ್ಲಿ ಹವೆ ಹದಗೆಟ್ಟು ಆರು ಮಂದಿ ಆರೋಹಿಗಳು ಪ್ರಾಣ ಕಳೆದುಕೊಂಡರು. ಬಂಡೆ ಹತ್ತಲು ಬಳಸುತ್ತಿದ್ದ ಮೃದು ಅಟ್ಟೆಯ ಶೂಗಳು ಹಿಮಕ್ಕೆ ಸಾಲುತ್ತಿರಲಿಲ್ಲ, ಮೊಳೆ ಹೊಡೆದ ಬೂಟುಗಳು ಬಂಡೆಗೆ ಒಗ್ಗುತ್ತಿರಲಿಲ್ಲ. ಆ ತಂಡದೊಂದಿಗೆ ಇದ್ದ ವಿಟಾಲೆ ಬ್ರಮಾನಿ ಎರಡಕ್ಕೂ ಒದಗುವ ರಬ್ಬರ್ ಅಟ್ಟೆಯನ್ನು ರೂಪಿಸಿ 1937ರಲ್ಲಿ ಪೇಟೆಂಟ್ ಪಡೆದರು, ಹೀಗೆ ವೈಬ್ರಮ್ ಎಂಬ ಅಟ್ಟೆ ಕಂಪನಿ ಹುಟ್ಟಿತು. 1954ರಲ್ಲಿ ಇಟಲಿಯ ತಂಡ ಕೆ2 ಶಿಖರವನ್ನು ಮೊದಲ ಬಾರಿ ಏರಿದಾಗ ಧರಿಸಿದ್ದು ಇದೇ ಅಟ್ಟೆಯ ಬೂಟುಗಳನ್ನು. ಆ ಮೂಲ ವಿನ್ಯಾಸದ ವೈಬ್ರಮ್ 100 ಇಂದಿಗೂ ಸಿಗುತ್ತದೆ. ಚಾರಣ ಮಾಡುವವರಿಗೆ, ತೋಟದ ಕೆಲಸದವರಿಗೆ ಅದು ಸರಿ. ಕಚೇರಿಗೂ ಹಾಕುವ ಬೂಟಾದರೆ ಕಿರು ಹಲ್ಲುಗಳ ವೈಬ್ರಮ್ 430 ಹೆಚ್ಚು ಹೊಂದುತ್ತದೆ, ಹಗುರವೂ ಹೌದು. ಬೂಟು ಹಾಕಿಕೊಂಡು ದಿನವಿಡೀ ಕಾಂಕ್ರೀಟ್ ಅಥವಾ ಟೈಲ್ಸ್ ಮೇಲೆ ನಿಲ್ಲುವವರಿಗೆ ಹಿಮ್ಮಡಿಯಿಂದ ಬೆರಳಿನವರೆಗೆ ಒಂದೇ ಓಟದಲ್ಲಿ ಇಳಿಯುವ ಚಪ್ಪಟೆ ವೆಜ್ ಅಟ್ಟೆ, ಉದಾಹರಣೆಗೆ ವೈಬ್ರಮ್‌ನ ಕ್ರಿಸ್ಟಿ ಮಾದರಿ, ಹಲ್ಲಿನದಕ್ಕಿಂತ ಎಷ್ಟೋ ಮೇಲು: ಮೆತ್ತಗಿದೆ, ನೆಲಕ್ಕೆ ಪೂರ್ತಿ ತಾಗುತ್ತದೆ. ಬೇಗ ಸವೆಯುವುದು ಅದಕ್ಕೆ ತೆರುವ ಬೆಲೆ.

ಡ್ರೆಸ್ ಶೂಗೆ ದಪ್ಪ ಹಲ್ಲಿನ ಅಟ್ಟೆ ಹಾಕಿಸುವ ಆಸೆ ಈಚೆಗೆ ಹೆಚ್ಚಾಗಿದೆ. ಮೊನಚು ಮೂತಿಯ, ಅಂಚಿಗೆ ಒತ್ತಿ ಕತ್ತರಿಸಿದ ವೆಲ್ಟ್ ಇರುವ ಆಕ್ಸ್‌ಫರ್ಡ್ ಶೂ ಅದರ ಮೇಲೆ ನಿಂತಾಗ ದೋಣಿ ಲಾರಿಯ ಮೇಲೆ ಕೂತ ಹಾಗೆ ಕಾಣುತ್ತದೆ. ವೆಲ್ಟ್ ಹಿಮ್ಮಡಿಯವರೆಗೂ ಸುತ್ತಿ ಬಂದಿರುವ, ದುಂಡು ಮೂತಿಯ ಡರ್ಬಿ (ಲೇಸಿನ ಪಟ್ಟಿಗಳು ತೆರೆದುಕೊಳ್ಳುವ ಶೂ) ಅಥವಾ ಬ್ರೋಗ್ (ಸಣ್ಣ ತೂತುಗಳ ಅಲಂಕಾರದ ಶೂ) ಆದರೆ ಮಾತ್ರ ಒಪ್ಪುತ್ತದೆ.

ಬಣ್ಣದ ಬಗ್ಗೆ ಒಂದೇ ಮಾತು. ಚರ್ಮದ ಅಂಚಿಗೆ ಬಣ್ಣ ಬಳಿದು ಹೊಳಪು ಕೊಡುವಂತೆ ರಬ್ಬರ್ ಅಂಚಿಗೆ ಕೊಡಲಾಗದು, ಆದ್ದರಿಂದ ಕಂದು ಶೂಗೆ ಕಂದು ರಬ್ಬರನ್ನೇ ಹುಡುಕಿ. ತಿಳಿ ಬಣ್ಣದ ನೆಲವಿರುವ ಮನೆ, ಕಚೇರಿಗಳಲ್ಲಿ ಕೆಲವು ಕಪ್ಪು ರಬ್ಬರ್‌ಗಳು ಗೀರು ಬಿಡುತ್ತವೆ. ಬಿಳಿ ಕಾಗದದ ಮೇಲೆ ಒಮ್ಮೆ ಬಲವಾಗಿ ಎಳೆದು ನೋಡಿದರೆ ಗೊತ್ತಾಗುತ್ತದೆ.

ಆರನೆಯ ಹಂತ: ಪೂರ್ತಿ ಅಟ್ಟೆಯೋ, ಅರ್ಧವೋ, ತೆಳು ಹೊದಿಕೆಯೋ?

ಪೂರ್ತಿ ಅಟ್ಟೆ ಎಂದರೆ ಮೂತಿಯಿಂದ ಹಿಮ್ಮಡಿಯವರೆಗೆ ಹೊಸದು. ಅರ್ಧ ಅಟ್ಟೆ ಪಾದದ ಕಮಾನಿನ ಬಳಿ ಹಳೆಯದಕ್ಕೆ ಕೂಡಿಕೊಳ್ಳುತ್ತದೆ. ತೆಳು ಹೊದಿಕೆ ಒಂದೆರಡು ಮಿಲಿಮೀಟರ್ ದಪ್ಪದ ರಬ್ಬರ್ ಹಾಳೆ. ಫ್ರಾನ್ಸಿನ ಟೋಪಿ (Topy) ಎಂಬ ಕಂಪನಿ ಇದನ್ನು ಎಷ್ಟು ಪ್ರಚಾರಕ್ಕೆ ತಂದಿದೆಯೆಂದರೆ ಯುರೋಪಿನ ಹಲವೆಡೆ ಹೊದಿಕೆಯನ್ನೇ ಆ ಹೆಸರಿನಿಂದ ಕರೆಯುತ್ತಾರೆ.

ಚರ್ಮದ ಅಟ್ಟೆ ಇನ್ನೂ ಗಟ್ಟಿಯಿರುವ ಡ್ರೆಸ್ ಶೂಗೆ ತೆಳು ಹೊದಿಕೆಯೇ ಅತ್ಯುತ್ತಮ ಎಂಬುದು ನನ್ನ ನಿಲುವು. ರಬ್ಬರ್ ಮುಚ್ಚಿದರೆ ಚರ್ಮ ಉಸಿರಾಡುವುದಿಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ಆದರೆ ಒಳ ಅಟ್ಟೆಗೂ ಹೊರ ಅಟ್ಟೆಗೂ ನಡುವೆ ಬೆಂಡಿನ ಪದರ, ಅಂಟು ಮೊದಲೇ ಇರುತ್ತವೆ. ಬೆವರು ಆರುವುದು ಬಹುಮಟ್ಟಿಗೆ ಮೇಲ್ಭಾಗದಿಂದ ಮತ್ತು ಶೂ ತೆರೆದಿಟ್ಟಾಗ. ಹೊದಿಕೆ ಸವೆದರೆ ಕಿತ್ತು ಇನ್ನೊಂದನ್ನು ಅಂಟಿಸಬಹುದು, ಮೂಲ ಹೊಲಿಗೆ ಹಾಗೇ ಉಳಿಯುತ್ತದೆ. ಹೊಸ ಶೂವನ್ನು ಕೆಲವು ದಿನ ಹಾಕಿ, ತಳ ಸ್ವಲ್ಪ ಒರಟಾಗಿ ಮಡಿಕೆ ಕೂತ ಮೇಲೆ ಅಂಟಿಸುವುದು ಲೇಸು.

ಅರ್ಧ ಅಟ್ಟೆಯಲ್ಲಿ ಎಲ್ಲವೂ ನಿಂತಿರುವುದು ಆ ಕೂಡುಗೆರೆಯ ಮೇಲೆ. ರಿಪೇರಿಯವರು ರಬ್ಬರಿನ ಹಿಂತುದಿಯನ್ನು ರಂಪಿಗೆಯಿಂದ ಓರೆಯಾಗಿ ಹೆರೆದು ಕಾಗದದಷ್ಟು ತೆಳುವಾಗಿಸಿ ಕೂರಿಸಬೇಕು. ಬೆರಳಾಡಿಸಿದರೆ ಮೆಟ್ಟಿಲು ಸಿಗುವಂತಿದ್ದರೆ ನೀರೂ ಧೂಳೂ ಅಲ್ಲಿಂದಲೇ ನುಗ್ಗುತ್ತವೆ.

ಪೂರ್ತಿ ರಬ್ಬರ್ ಅಟ್ಟೆ ಒಪ್ಪುವುದು ಬೂಟುಗಳಿಗೆ ಮತ್ತು ತಳ ತೂತಾದ ವೆಲ್ಟ್ ಶೂಗಳಿಗೆ. ಬೂಟಿಗೆ ಹಾಕಿಸುವಾಗ ಒಂದು ಉಪಾಯ ಉಪಯೋಗಕ್ಕೆ ಬರುತ್ತದೆ: ಮೊದಲು ಚರ್ಮದ ಅಥವಾ ರಬ್ಬರಿನ ನಡು ಅಟ್ಟೆಯನ್ನು ವೆಲ್ಟ್‌ಗೆ ಹೊಲಿಸಿ, ಹಲ್ಲಿನ ಅಟ್ಟೆಯನ್ನು ಅದರ ಮೇಲೆ ಅಂಟಿಸಲು ಹೇಳಿ. ಮುಂದಿನ ಸಲ ಹೊರ ಅಟ್ಟೆಯನ್ನಷ್ಟೇ ಕಿತ್ತರೆ ಸಾಕು, ವೆಲ್ಟ್‌ಗೆ ಮತ್ತೆ ಸೂಜಿ ತಾಗುವುದಿಲ್ಲ. ಪ್ರತಿ ಹೊಲಿಗೆಯೂ ವೆಲ್ಟ್‌ನಲ್ಲಿ ಹೊಸ ತೂತುಗಳ ಸಾಲನ್ನು ಬಿಡುವುದರಿಂದ ಇದು ಶೂನ ಆಯುಸ್ಸಿನ ಮಾತೇ ಆಗುತ್ತದೆ.

ಏಳನೆಯ ಹಂತ: ದಪ್ಪ ಮತ್ತು ಹಿಮ್ಮಡಿಯ ಎತ್ತರ ಹೊಂದಿಸಿ

ವಿದೇಶಿ ಅಟ್ಟೆಗಳ ದಪ್ಪವನ್ನು ಕೆಲವೊಮ್ಮೆ ‘ಐರನ್’ ಎಂಬ ಹಳೆಯ ಅಳತೆಯಲ್ಲಿ ಹೇಳಿರುತ್ತಾರೆ. ಒಂದು ಐರನ್ ಅಂದರೆ ಇಂಚಿನ 48ನೇ ಒಂದು ಭಾಗ, ಸುಮಾರು 0.53 ಮಿಲಿಮೀಟರ್. 9 ಅಥವಾ 10 ಐರನ್, ಅಂದರೆ ಹತ್ತಿರಹತ್ತಿರ 5 ಮಿಲಿಮೀಟರ್, ಡ್ರೆಸ್ ಶೂಗೆ ಹದ. 12 ಐರನ್ ದಾಟಿದರೆ ಬೂಟಿನ ಮೈಕಟ್ಟು ಬೇಕು.

ಶೂ ಯಾವ ಹಿಮ್ಮಡಿಯ ಎತ್ತರಕ್ಕೆಂದು ಹುಟ್ಟಿದೆಯೋ ಆ ಎತ್ತರ ಉಳಿಯಬೇಕು. ಮುಂಭಾಗಕ್ಕೆ ಮಾತ್ರ 3 ಮಿಲಿಮೀಟರ್ ರಬ್ಬರ್ ಸೇರಿಸಿ ಹಿಮ್ಮಡಿಯನ್ನು ಹಾಗೇ ಬಿಟ್ಟರೆ ಪಾದ ಹಿಂದಕ್ಕೆ ವಾಲುತ್ತದೆ, ಮಡಚುವ ಜಾಗ ಬದಲಾಗಿ ಮೇಲ್ಚರ್ಮ ಹೊಸ ಕಡೆ ಸುಕ್ಕುಗಟ್ಟುತ್ತದೆ. ಒಂದೋ ಹಿಮ್ಮಡಿಯ ತುದಿಪದರವನ್ನೂ ಅಷ್ಟೇ ದಪ್ಪ ಮಾಡಿಸಬೇಕು, ಇಲ್ಲವೇ ಮುಂದಿನ ಹಳೆಯ ಚರ್ಮವನ್ನು ಅಷ್ಟು ಉಜ್ಜಿ ತೆಗೆಸಬೇಕು. ಪರೀಕ್ಷೆ ಸುಲಭ. ಶೂವನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಹಿಮ್ಮಡಿಯ ಮುಂಬದಿಯ ಅಂಚಿನ ಕೆಳಗೆ ಕಾಗದದ ತುಂಡು ತೂರಿಸಿ. ಕಾಗದ ಒಳಗೆ ಹೋದರೆ ಹಿಮ್ಮಡಿ ತಗ್ಗಾಗಿದೆ, ಹಿಂಬದಿಯ ಕೆಳಗೆ ಹೋದರೆ ಎತ್ತರವಾಗಿದೆ.

ಅಚ್ಚು ಕತ್ತರಿಸಿ ಮಾರುವ ಅಟ್ಟೆಗಳನ್ನು ಕೊಳ್ಳುವಾಗ ಶೂನ ನಂಬರ್ ನಂಬದೆ ವೆಲ್ಟ್‌ನ ಹೊರ ಅಂಚಿನಿಂದ ಹೊರ ಅಂಚಿಗೆ ಉದ್ದ, ಅಗಲ ಎರಡನ್ನೂ ಅಳೆಯಿರಿ. ಸುತ್ತಲೂ ಕೆಲವು ಮಿಲಿಮೀಟರ್ ಹೆಚ್ಚಿರಲಿ, ಹೆಚ್ಚಾದದ್ದನ್ನು ಉಜ್ಜಬಹುದು.

ಎಂಟನೆಯ ಹಂತ: ರಿಪೇರಿಯವರೊಂದಿಗೆ ಮಾತನಾಡಿ

ಇಲ್ಲಿ ಕೇಳಬೇಕಾದದ್ದು ಬೆಲೆಗಿಂತ ಕೆಲಸದ ಕ್ರಮ. ‘ಅಣ್ಣಾ, ಇದಕ್ಕೆ ಹೊಲಿಗೆ ಹಾಕ್ತೀರಾ?’ ಎಂದರೆ ‘ಇಲ್ಲ ಸರ್, ಪೇಸ್ಟಿಂಗೇ ಸಾಕು’ ಎಂಬ ಉತ್ತರ ಬರುವುದುಂಟು. ತೆಳು ಹೊದಿಕೆಗೆ, ಅಂಟಿಸಿದ ಶೂಗೆ ಆ ಉತ್ತರ ಸರಿಯೇ. ವೆಲ್ಟ್ ಶೂಗೆ ಪೂರ್ತಿ ಅಟ್ಟೆ ಹಾಕುವಾಗ ಸರಿಯಲ್ಲ, ನಡು ಅಟ್ಟೆಯನ್ನಾದರೂ ಹೊಲಿಯಲೇಬೇಕು. ಹೊಲಿಗೆ ನೆಲಕ್ಕೆ ಉಜ್ಜಿ ಕಡಿಯದಂತೆ ರಬ್ಬರಿನಲ್ಲಿ ತೋಡು ಇದೆಯೇ ಎಂದೂ ನೋಡಿ. ರಸ್ತೆಬದಿಯಲ್ಲಿ ಕೂತವರು ಕೈಯಿಂದ ಹಳೆಯ ತೂತುಗಳಲ್ಲೇ ದಾರ ಎಳೆದು ಮಾಡುವ ಹೊಲಿಗೆ ಎಷ್ಟೋ ವೇಳೆ ಅಂಗಡಿಯ ಯಂತ್ರದ ಹೊಲಿಗೆಗಿಂತ ವೆಲ್ಟ್‌ಗೆ ಕ್ಷೇಮಕರ.

ಅಂಟಿನ ಕೆಲಸದಲ್ಲಿ ಅವಸರವೇ ಶತ್ರು. ಹಳೆಯ ಅಂಟು ಪೂರ್ತಿ ಹೋಗಬೇಕು, ಎರಡೂ ಮೈಗಳನ್ನು ಉಜ್ಜಿ ಒರಟಾಗಿಸಬೇಕು, ಹಳದಿ ಬಣ್ಣದ ಸಿಂಥೆಟಿಕ್ ರಬ್ಬರ್ ಅಂಟನ್ನು ಎರಡೂ ಕಡೆ ತೆಳ್ಳಗೆ ಹಚ್ಚಿ, ಮುಟ್ಟಿದರೆ ಬೆರಳಿಗೆ ಬರದಷ್ಟು ಆರಲು ಬಿಡಬೇಕು. ಇದಕ್ಕೆ ಹತ್ತಿಪ್ಪತ್ತು ನಿಮಿಷ ಬೇಕು. ಆಮೇಲೆ ತುಸು ಬಿಸಿ ತಾಗಿಸಿ ಜೋಡಿಸಿ, ಬಲವಾಗಿ ಒತ್ತಿ ಅಥವಾ ಸುತ್ತಿಗೆಯಿಂದ ಬಡಿದು ಕೂರಿಸಬೇಕು. ಟಿಪಿಆರ್, ನೈಟ್ರೈಲ್‌ಗಳಿಗೆ ಅಂಟಿಗೆ ಮೊದಲು ಪ್ರೈಮರ್ ಬೇಕಾಗುತ್ತದೆ. ಪಿವಿಸಿಗೆ ಈ ಹಳದಿ ಅಂಟು ನಿಲ್ಲುವುದಿಲ್ಲ, ಪಾಲಿಯುರೆಥೇನ್ ಅಂಟು ಬೇಕು. ಮರಗೆಲಸದ ಬಿಳಿ ಫೆವಿಕಾಲ್ ಆಗಲಿ, ಕ್ಷಣದಲ್ಲಿ ಹಿಡಿಯುವ ಅಂಟಾಗಲಿ ಅಟ್ಟೆಗೆ ಸಲ್ಲ. ಎರಡನೆಯದು ಗಾಜಿನಂತೆ ಗಟ್ಟಿಯಾಗಿ, ಕಾಲು ಮಡಚಿದಾಗ ಬಿರಿಯುತ್ತದೆ.

ಪೂರ್ತಿ ಅಟ್ಟೆಯ ಕೆಲಸದಲ್ಲಿ ಶೂವನ್ನು ಲಾಸ್ಟ್ ಎಂದು ಕರೆಯುವ ಅಚ್ಚಿನ ಮೇಲೆ ಏರಿಸುತ್ತಾರೆಯೇ ಎಂದು ಕೇಳಿ. ಏರಿಸದಿದ್ದರೆ ಶೂ ಕುಗ್ಗಿ ಅಳತೆ ಬದಲಾಗುವ ಅಪಾಯವಿದೆ. ಒಳಗಿನ ಬೆಂಡಿನ ಪುಡಿ ಉದುರಿದ್ದರೆ ಹೊಸದನ್ನು ತುಂಬಲು ಹೇಳಿ.

ಒಂಬತ್ತನೆಯ ಹಂತ: ಮನೆಗೆ ತಂದ ಮೇಲೆ

ಹೊಸ ರಬ್ಬರ್ ಅಟ್ಟೆ ಮೊದಲ ದಿನಗಳಲ್ಲಿ ಹಳೆಯದಕ್ಕಿಂತ ಹೆಚ್ಚು ಜಾರುತ್ತದೆ. ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡು ಇನ್ನೂ ಮೇಲೆ ಇರುವುದೇ ಕಾರಣ. ಉಜ್ಜುಕಾಗದದಿಂದ ತಳವನ್ನು ಹಗುರವಾಗಿ ಉಜ್ಜಿ, ಸೋಪು ನೀರಿನಲ್ಲಿ ಒರೆಸಿ, ಒಂದು ದಿನ ಪೂರ್ತಿ ಬಿಟ್ಟು ಹಾಕಿಕೊಳ್ಳಿ. ಅಂಟು ಬಲಗೊಳ್ಳಲೂ ಆ 24 ಗಂಟೆ ಬೇಕು. ನೆನೆದ ಶೂವನ್ನು ಬಿಸಿಲಿಗಾಗಲಿ ಒಲೆಯ ಬಳಿಯಾಗಲಿ ಇಡದೆ, ಒಳಗೆ ಪತ್ರಿಕೆಯ ಕಾಗದ ತುರುಕಿ, ಬದಿಗೆ ಮಲಗಿಸಿ ನೆರಳಿನಲ್ಲಿ ಆರಿಸಿ.

ಮೊದಲ ಸಲ ಮಳೆಯಲ್ಲಿ ನೆನೆದು ಆರಿದ ಮೇಲೆ ಮೂತಿಯ ಸುತ್ತ ಮತ್ತು ಅರ್ಧ ಅಟ್ಟೆಯ ಕೂಡುಗೆರೆಯ ಉದ್ದಕ್ಕೂ ಉಗುರು ಆಡಿಸಿ ನೋಡಿ. ಎಲ್ಲಿಯಾದರೂ ಅಂಚು ಬಿಟ್ಟಿದ್ದರೆ ಆ ವಾರದಲ್ಲೇ ಹಿಂದಕ್ಕೆ ಒಯ್ಯಿರಿ. ಸಂದಿಗೆ ಧೂಳು ಸೇರಿಕೊಂಡ ಮೇಲೆ ಅದೇ ಜಾಗಕ್ಕೆ ಅಂಟು ಎರಡನೆಯ ಸಲ ಸರಿಯಾಗಿ ಹಿಡಿಯುವುದಿಲ್ಲ, ಪೂರ್ತಿ ಕಿತ್ತು ಉಜ್ಜಿ ಮೊದಲಿನಿಂದ ಮಾಡಬೇಕಾಗುತ್ತದೆ.